ಬಿಸಿನೀರಿಗೆ ಜಪಾನಿಗೇ ಹೋಗಬೇಕೇ?

ಗಚ್ಚಿಬೌಲಿಯ ನಮ್ಮ ಸುತ್ತಮುತ್ತ ಈಗ ಜಪಾನ್ ಪ್ರವಾಸದ ಸುಗ್ಗಿ. ಹೋಗಿ ಬಂದವರದ್ದೆಲ್ಲ ಒಂದೇ ಮಾತು, "ಸಾರ್, ಒನ್ಸೆನ್‌ಗೆ ಹೋಗ್ಲೇಬೇಕು!" ಒನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ. ಕಿನೊಸಾಕಿಯಂಥ ಊರಿನಲ್ಲಿ ಜನ ಹತ್ತಿಯ ನಿಲುವಂಗಿ, ಮರದ ಚಪ್ಪಲಿ ಹಾಕಿಕೊಂಡು ಒಂದು ಸ್ನಾನದ ಮನೆಯಿಂದ ಇನ್ನೊಂದಕ್ಕೆ ಬೀದಿಯಲ್ಲೇ ನಡೆದು ಹೋಗುತ್ತಾರಂತೆ. ಕೇಳೋಕೆ ಚೆನ್ನಾಗಿದೆ.

ಸರಿ, ನಮ್ಮವರಲ್ಲಿ ಎಷ್ಟು ಜನಕ್ಕೆ ಬೆಂದ್ರು ತೀರ್ಥ ಗೊತ್ತು? ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಹೊಳೆಯ ಪಕ್ಕದಲ್ಲಿರುವ ಬುಗ್ಗೆ ಅದು. ಬೆಂದ್ರ್ ಅಂದರೆ ತುಳುವಿನಲ್ಲಿ ಬಿಸಿನೀರು. ದಕ್ಷಿಣ ಭಾರತದ ಏಕೈಕ ಬಿಸಿನೀರ ಬುಗ್ಗೆ ಅಂತ ಅದರ ಬಗ್ಗೆ ಬರೆಯುವುದುಂಟು. ಅದು ಸರಿಯಲ್ಲ. ನಾವಿರುವ ತೆಲಂಗಾಣದಲ್ಲೇ, ಭದ್ರಾದ್ರಿ ಕೊತ್ತಗೂಡೆಂ ಜಿಲ್ಲೆಯ ಮಣುಗೂರು ಕಡೆ ನೆಲದಿಂದ ಬಿಸಿನೀರು ಬರುತ್ತದೆ. ಅಲ್ಲಿನ ಪಗಿಡೇರುವಿನಲ್ಲಿ ಸಿಂಗರೇಣಿ ಕಂಪನಿ ಆ ಶಾಖದಿಂದಲೇ ವಿದ್ಯುತ್ ತೆಗೆಯಲು 20 ಕಿಲೋವ್ಯಾಟ್‌ನ ಪ್ರಾಯೋಗಿಕ ಘಟಕ ಹಾಕಿದೆ.

"ಹಾಗಾದರೆ ನಾವೂ ಒಂದು ರೆಸಾರ್ಟ್ ಕಟ್ಟೋಣ" ಅಂತೀರಾ? ಸ್ವಲ್ಪ ತಾಳಿ. ನಾವು ಜಪಾನಿನಿಂದ ಕಲಿಯಬೇಕಾದ್ದು ನಿಲುವಂಗಿಯನ್ನಲ್ಲ, ಕಾನೂನನ್ನು.

ಯುದ್ಧದಲ್ಲಿ ಸೋತು ಸುಣ್ಣವಾಗಿದ್ದಾಗಲೇ, 1948ರಲ್ಲಿ, ಅವರು ಒನ್ಸೆನ್ ಕಾಯ್ದೆ ಮಾಡಿಕೊಂಡರು. ಬುಗ್ಗೆಯ ಬಾಯಲ್ಲಿ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ, ಇಲ್ಲವೇ ಗೊತ್ತುಪಡಿಸಿದ ಖನಿಜಗಳಿದ್ದರೆ ಅದು ಒನ್ಸೆನ್. (ಏಪ್ರಿಲ್‌ನಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರೇ ಅದಕ್ಕಿಂತ ಬಿಸಿ, ಬಿಡಿ!) ಒನ್ಸೆನ್‌ಗಾಗಿ ಹೊಸದಾಗಿ ಕೊರೆಯಬೇಕಾದರೆ ಪ್ರಾಂತ್ಯದ ಗವರ್ನರ್ ಅನುಮತಿ ಬೇಕು. ಹಳೆಯ ಬುಗ್ಗೆಗೆ ಧಕ್ಕೆಯಾಗುವುದಾದರೆ ಅನುಮತಿ ಇಲ್ಲ. ಜೊತೆಗೆ ಸ್ನಾನ ಮಾಡುವವರಿಂದ ಸ್ನಾನದ ತೆರಿಗೆ, ಸಾಮಾನ್ಯವಾಗಿ ತಲೆಗೆ 150 ಯೆನ್. ಆ ದುಡ್ಡು ಸ್ಥಳೀಯ ಪುರಸಭೆಗೆ. ಬುಗ್ಗೆಯ ರಕ್ಷಣೆ, ನೈರ್ಮಲ್ಯ, ಅಗ್ನಿಶಾಮಕ ವ್ಯವಸ್ಥೆ, ಪ್ರವಾಸೋದ್ಯಮಕ್ಕೆ ಮಾತ್ರ ಖರ್ಚು ಮಾಡಬೇಕು.

ನಮ್ಮಲ್ಲಿ? 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನೆಲದ ಒಡೆಯನೇ ನೆಲದಡಿಯ ನೀರಿಗೂ ಒಡೆಯ ಎಂಬ ಲೆಕ್ಕ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಆದರೆ ಅದರ ಬಿಗಿ ಇರುವುದು ಅಧಿಸೂಚಿತ ಪ್ರದೇಶಗಳಲ್ಲಿ. ಬಿಸಿನೀರ ಬುಗ್ಗೆಗೆಂದೇ ಕಾಯ್ದೆ ಇಲ್ಲ. ಬುಗ್ಗೆಯ ಪಕ್ಕ ನಾಲ್ಕು ಆಳದ ಬೋರ್‌ವೆಲ್ ಬಿದ್ದರೆ ನೀರಿನ ಒತ್ತಡವೂ ಇಳಿಯಬಹುದು, ತಣ್ಣೀರು ಬೆರೆತು ಬಿಸಿಯೂ ಆರಬಹುದು. ಆಮೇಲೆ ರೆಸಾರ್ಟ್‌ನವರು ಗೀಸರ್ ಹಾಕಿಸಿ "ತೀರ್ಥ" ಅಂತ ಬೋರ್ಡು ಹಾಕಬೇಕಷ್ಟೆ.

ಬ್ಯಾಂಕಿನವನ ಭಾಷೆಯಲ್ಲಿ ಹೇಳೋದಾದರೆ, ಬುಗ್ಗೆ ಅಸಲು, ಪ್ರವಾಸಿಗರಿಂದ ಬರುವ ಹಣ ಬಡ್ಡಿ. ಜಪಾನಿನವರು ಅಸಲನ್ನು ಕಾಯುವ ಕಾನೂನು ಮಾಡಿಕೊಂಡು ಬಡ್ಡಿ ತಿನ್ನುತ್ತಿದ್ದಾರೆ. ನಾವು ಅಸಲಿನ ಲೆಕ್ಕವನ್ನೇ ಇಟ್ಟಿಲ್ಲ. ಮೊದಲು ಬೆಂದ್ರು ತೀರ್ಥದ ಸುತ್ತ ಇಷ್ಟು ದೂರ ಕೊರೆಯಬಾರದು ಅಂತ ಒಂದು ಗೆರೆ ಎಳೆಯಲಿ. ವರ್ಷಕ್ಕೆ ಎರಡು ಸಲ ನೀರಿನ ಬಿಸಿ, ಮಟ್ಟ ಅಳೆದು ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಬರೆಯಲಿ. ಟಿಕೆಟ್ ಇಟ್ಟರೆ ಆ ಹಣ ಪಂಚಾಯಿತಿಗೇ ಹೋಗಲಿ. ರೆಸಾರ್ಟ್ ಆಮೇಲೆ.

ಮುಂದಿನ ಸಲ ಊರಿಗೆ ಹೋದಾಗ ಪುತ್ತೂರಿನ ಕಡೆ ಒಂದು ಸುತ್ತು ಹಾಕಿ ಬನ್ನಿ. ವೀಸಾ ಬೇಡ, ಯೆನ್ನೂ ಬೇಡ. ಏನಂತೀರಿ?