ಒತ್ತಕ್ಷರ ಬಾರದ ಕೀಬೋರ್ಡು

ಆರ್.ಟಿ. ನಗರದಲ್ಲಿ ನನ್ನ ಮಾಮು ಒಂದು ಸಣ್ಣ ಡಿ.ಟಿ.ಪಿ. ಅಂಗಡಿ ನಡೆಸುತ್ತಾರೆ. ಮದುವೆ ಕಾರ್ಡು, ಬಾಡಿಗೆ ಕರಾರು, ಅರ್ಜಿ ಇವೇ ಹೆಚ್ಚು. ಕನ್ನಡದ ಕೆಲಸ ‘ನುಡಿ’ಯಲ್ಲಿ, ಉರ್ದು ಕೆಲಸ ‘ಇನ್‌ಪೇಜ್’ನಲ್ಲಿ. ಅವರ ಕೀಬೋರ್ಡು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಎತ್ತಿದರೆ ಭಾರ, ಒತ್ತಿದರೆ ಟಕ್ ಟಕ್ ಸದ್ದು. ಕಳೆದ ರಜೆಯಲ್ಲಿ ಅದರ ‘ಎಫ್’ ಕೀ ಕೈಕೊಟ್ಟಿತು.

ಒಂದು ಕೀ ತಾನೇ ಅನ್ನಿಸಬಹುದು. ಆದರೆ ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬರುವುದೇ ಎಫ್‌ನಿಂದ. ಎರಡು ವ್ಯಂಜನಗಳ ನಡುವೆ ಅದನ್ನು ಒತ್ತಬೇಕು. ಅದಿಲ್ಲದಿದ್ದರೆ ‘ಅಬ್ಬ’ ‘ಅಬಬ’ ಆಗುತ್ತದೆ, ‘ಕನ್ನಡ’ ‘ಕನನಡ’ ಆಗುತ್ತದೆ. ಒಂದು ಮದುವೆ ಕಾರ್ಡಿನ ಪ್ರೂಫ್‌ನಲ್ಲಿ ‘ಪುತ್ರಿ’ ಹೋಗಿ ‘ಪುತರಿ’ ಬಂದಿತ್ತು. ಹುಡುಗಿಯ ತಂದೆ ನಗಲಿಲ್ಲ.

ಪಕ್ಕದ ಅಂಗಡಿಯವರು ಎಸೆದು ಹೊಸದು ತನ್ನಿ ಅಂದರು. ಮಾಮು ನನ್ನ ಕಡೆ ತಿರುಗಿ, “ನೀನು ಎಲೆಕ್ಟ್ರಾನಿಕ್ಸ್ ಓದ್ತೀಯಲ್ಲ ಬೇಟಾ, ಸ್ವಲ್ಪ ನೋಡು” ಅಂದರು. ಡಯೋಡಿನ ಗ್ರಾಫನ್ನು ಕಣ್ಣುಮುಚ್ಚಿ ಬರೆಯಬಲ್ಲ ನಾನು ಅಲ್ಲಿಯವರೆಗೆ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿದೇ ಇರಲಿಲ್ಲ. ನನಗೆ ನಾಚಿಕೆಯಾಗಿದ್ದು ಅದಕ್ಕೆ. ಈ ಲೇಖನ ಬರೆಯುತ್ತಿರುವುದೂ ಅದಕ್ಕೇ.

ಮೊದಲು ಕೀಬೋರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದೆ. ಅಲ್ಲೂ ಅದೇ ಕತೆ. ಹಾಗಾದರೆ ದೋಷ ಕಂಪ್ಯೂಟರಿನದಲ್ಲ. ಕೀಬೋರ್ಡಿನೊಳಗೆ ಕೀಗಳನ್ನು ಅಡ್ಡಸಾಲು, ಉದ್ದಸಾಲುಗಳಾಗಿ ಜೋಡಿಸಿರುತ್ತಾರೆ. ಒಂದು ಸಾಲಿನ ತಂತಿ ಕಡಿದರೆ ಸಾಮಾನ್ಯವಾಗಿ ಹಲವು ಕೀಗಳು ಒಟ್ಟಿಗೆ ಸಾಯುತ್ತವೆ. ಇಲ್ಲಿ ಸತ್ತಿದ್ದು ಎಫ್ ಒಂದೇ, ಅದೂ ಪೂರ್ತಿಯಾಗಿ ಅಲ್ಲ. ಜೋರಾಗಿ ಗುದ್ದಿದರೆ ಆಗೊಮ್ಮೆ ಈಗೊಮ್ಮೆ ಅಕ್ಷರ ಬರುತ್ತಿತ್ತು. ಹಿಂಬದಿ ಬಿಚ್ಚಿ, ಆ ಸ್ವಿಚ್ಚಿನ ಎರಡು ಬೆಸುಗೆ ಚುಕ್ಕಿಗಳನ್ನು ಚಿಮಟದಿಂದ ಸೇರಿಸಿದೆ. ಪರದೆಯ ಮೇಲೆ ಪ್ರತಿ ಸಲವೂ ಎಫ್ ಮೂಡಿತು. ಅಂದರೆ ಸರ್ಕ್ಯೂಟ್ ಸರಿಯಾಗಿದೆ, ಕೆಟ್ಟಿರುವುದು ಸ್ವಿಚ್ಚು ಮಾತ್ರ. ಆ ಕ್ಷಣದ ಖುಷಿ ನನಗೆ ಯಾವ ಯೂನಿಟ್ ಟೆಸ್ಟಿನಲ್ಲೂ ಸಿಕ್ಕಿಲ್ಲ.

ಹಳೆಯ ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಸ್ವಂತ ಸ್ವಿಚ್ಚು ಇರುತ್ತದೆ. ಒಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಜಾರುವ ಒಂದು ಪ್ಲಾಸ್ಟಿಕ್ ತುಂಡು, ಒಂದನ್ನೊಂದು ಮುಟ್ಟುವ ಎರಡು ಲೋಹದ ಪಟ್ಟಿ. ಅವುಗಳ ಮಧ್ಯೆ ದೂಳು ಕೂತರೆ ಸಂಪರ್ಕ ಆಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಬಿಟ್ಟು ನೂರು ಸಲ ಒತ್ತಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ‘ಪುತರಿ’.

ಎಸ್.ಪಿ. ರೋಡಿಗೆ ಹೋಗಿ ಐರನ್, ಸೀಸ, ಬೆಸುಗೆ ಹೀರುವ ಪಂಪು ತಂದೆ. ಹೊಸ ಸ್ವಿಚ್ಚು ತರಲಿಲ್ಲ. ಇಷ್ಟು ವರ್ಷದಲ್ಲಿ ಮಾಮು ಒಮ್ಮೆಯೂ ಒತ್ತದ ‘ಸ್ಕ್ರೋಲ್ ಲಾಕ್’ ಇತ್ತಲ್ಲ, ಅದರ ಸ್ವಿಚ್ಚು ಎಫ್‌ಗೆ, ಎಫ್‌ನದು ಅದಕ್ಕೆ. ಐರನ್ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ತಾಮ್ರದ ಪದರ ಕಿತ್ತು ಬರುತ್ತದೆ ಎಂದು ಅಂಗಡಿಯವರು ಎಚ್ಚರಿಸಿದ್ದರು. ಕೈ ನಡುಗಿತು, ಬೆರಳು ಸುಟ್ಟಿತು, ಆದರೆ ಒತ್ತಕ್ಷರ ಬಂತು.

ಇದನ್ನು ಹೇಳಿದಾಗ ನಮ್ಮ ಉಪನ್ಯಾಸಕರೊಬ್ಬರು, “ಸಿಇಟಿ ಹತ್ತಿರ ಬಂದಿರುವಾಗ ಇದಕ್ಕೆಲ್ಲ ಸಮಯ ಎಲ್ಲಿದೆ?” ಎಂದು ಕೇಳಿದರು. ಪ್ರಶ್ನೆ ತಪ್ಪಲ್ಲ. ನನಗೆ ಮೂರು ಸಂಜೆ ಹಿಡಿಯಿತು. ಎಲ್ಲವನ್ನೂ ಹೀಗೆ ಸರಿಮಾಡಲೂ ಆಗದು. ಈಗಿನ ಅಗ್ಗದ ಕೀಬೋರ್ಡಿನೊಳಗೆ ಇರುವುದು ರಬ್ಬರ್ ಹಾಳೆ, ಅದರಲ್ಲಿ ಒಂದು ಕೀಯನ್ನು ಮಾತ್ರ ಬದಲಿಸುವುದು ಹೇಗೆ? ಆದರೂ ನಾನು ಒಪ್ಪುವುದಿಲ್ಲ. ಪ್ರಾಕ್ಟಿಕಲ್‌ನಲ್ಲಿ ನಮಗೆ ಸಿಗುವುದು ಸರಿಯಿರುವ ಬೋರ್ಡು. ರೀಡಿಂಗ್ ಎಷ್ಟು ಬರಬೇಕೆಂದು ಮೊದಲೇ ಗೊತ್ತು, ನಾವು ಅದನ್ನೇ ಬರೆಯುತ್ತೇವೆ (ಮೇಡಂಗೂ ಗೊತ್ತು). ಕೆಟ್ಟ ವಸ್ತುವಿಗೆ ಉತ್ತರ ಮೊದಲೇ ಗೊತ್ತಿರುವುದಿಲ್ಲ. ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತಾ ಹೋಗಬೇಕು.

1961ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಬಂದದ್ದು ನಮ್ಮ ಉತ್ತರ ಬೆಂಗಳೂರಿನ ಜಾಲಹಳ್ಳಿಗೆ. ಆ ಗಡಿಯಾರಗಳನ್ನು ಬಿಚ್ಚಿ ಜೋಡಿಸುವವರು ಈ ಊರಲ್ಲಿ ಇನ್ನೂ ಇದ್ದಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ಮಾಡಿದ್ದು 2022ರಲ್ಲಿ. ಹಕ್ಕು ಸಿಕ್ಕರೂ ಸ್ಕ್ರೂ ಬಿಚ್ಚಲು ಬಾರದವರಿಗೆ ಅದರಿಂದ ಏನು ಪ್ರಯೋಜನ?

ನಮ್ಮ ಕಂಪ್ಯೂಟರ್ ಲ್ಯಾಬಿನ ಕೊನೆಯ ಮೇಜಿನ ಕೆಳಗೆ ಹನ್ನೊಂದು ಕೀಬೋರ್ಡುಗಳು ಗುಜರಿಗೆ ಕಾಯುತ್ತಿವೆ. ಅವುಗಳಲ್ಲಿ ಎರಡು ಹಳೆಯ, ಟಕ್ ಟಕ್ ಅನ್ನುವಂಥವು. ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ: ಗುಜರಿಯವರನ್ನು ಕರೆಯುವ ಮುಂಚೆ ಒಂದು ಶನಿವಾರ ಮಧ್ಯಾಹ್ನ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬೀಗ ತೆಗೆಸಿಕೊಡಿ. ಐರನ್ ನಾನು ತರುತ್ತೇನೆ.