ಬಾಗಿಲ ಮೇಲಿನದು ಬದುಕಿತು, ಡಬ್ಬದಲ್ಲಿದ್ದದ್ದು ಕೊಳೆಯಿತು

ಗೌನಿಪಲ್ಲಿಯ ನಮ್ಮ ಮನೆ ಬಾಗಿಲ ಮೇಲೆ ಒಂದು ಲೋಳೆಸರ ತಲೆಕೆಳಗಾಗಿ ತೂಗುತ್ತಿತ್ತು. ದೃಷ್ಟಿ ತಾಗದಿರಲೆಂದು ನಮ್ಮ ಮನೆಯಾಕೆ ಕಟ್ಟಿಸಿದ್ದು. ಆಂಧ್ರದ ಗಡಿ ಹತ್ತಿರವಲ್ಲವೇ, ನಮ್ಮೂರಿನ ತೆಲುಗು ಮನೆಗಳಲ್ಲಿ ಇದನ್ನೇ ಕಲಬಂದ ಅನ್ನುತ್ತಾರೆ. ನಾಲ್ಕು ತಿಂಗಳು ಅದಕ್ಕೆ ಮಣ್ಣಿಲ್ಲ, ನೀರಿಲ್ಲ. ಎಲೆ ಕೊಂಚ ಸೊರಗಿ ಕೆಂಪಾಗಿತ್ತು, ಅಷ್ಟೆ. ತುದಿಗಳು ಮೇಲಕ್ಕೆ ಬಾಗಿ ಬೆಳಕನ್ನು ಹುಡುಕುತ್ತಿದ್ದವು.

ಬೇಸಿಗೆ ರಜೆಗೆ ಬಂದ ಮೊಮ್ಮಗಳಿಗೆ ಇನ್ನೊಂದು ಗೇಣುದ್ದದ ಲೋಳೆಸರವನ್ನು ಹಳೇ ಪೇಂಟ್ ಡಬ್ಬದಲ್ಲಿ ನೆಟ್ಟು, "ಇದು ನಿನ್ನದು" ಎಂದು ಕೊಟ್ಟೆ. ಅವಳು ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕಿದಳು. ಹದಿನೈದು ದಿನಕ್ಕೆ ಎಲೆಗಳು ಬೆಂದ ಬದನೆಕಾಯಿಯಂತೆ ಮೆತ್ತಗಾದವು.

"ತಾತ, ನೀರೇ ಕೊಡದ ಗಿಡ ಬದುಕಿದೆ. ನಾನು ದಿನಾ ಕೊಟ್ಟಿದ್ದು ಸತ್ತುಹೋಯ್ತು. ಯಾಕೆ?" ಕಣ್ಣು ತುಂಬಿಕೊಂಡಿತ್ತು.

ತಪ್ಪು ಅವಳದಲ್ಲ. ಡಬ್ಬದ ತಳಕ್ಕೆ ತೂತು ಹಾಕದೆ ಕೊಟ್ಟವನು ನಾನು. ಬೇರಿಗೂ ಗಾಳಿ ಬೇಕು, ಮಕ್ಕಳೇ. ನಿಂತ ನೀರಲ್ಲಿ ಅದು ಉಸಿರುಕಟ್ಟಿ ಕೊಳೆಯುತ್ತದೆ. ಲೋಳೆಸರ ಅರೇಬಿಯಾದ ಒಣ ಬೆಟ್ಟಗಳ ಕಡೆಯ ಗಿಡ. ಉಳಿದ ಗಿಡಗಳಲ್ಲಿ ಹೆಚ್ಚಿನವು ಎಲೆಯ ಸಣ್ಣ ರಂಧ್ರಗಳನ್ನು ಹಗಲಲ್ಲಿ ತೆರೆಯುತ್ತವೆ. ಇದು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಲೋಳೆಯಲ್ಲಿ ಕೂಡಿಟ್ಟ ನೀರು ಸುಲಭಕ್ಕೆ ಖರ್ಚಾಗುವುದಿಲ್ಲ. ಕೊಳವೆಬಾವಿಗೆ ಬಾಯಿಬಿಡುವ ನಮ್ಮ ಸೀಮೆಗೆ ಹೇಳಿಮಾಡಿಸಿದ ಗಿಡ!

ಡಬ್ಬ ಬೋರಲು ಹಾಕಿ ನೋಡಿದೆವು. ಬುಡದಲ್ಲಿ ಎರಡು ಮರಿಗಳಿದ್ದವು. ಒಂದು ಕೊಳೆತಿತ್ತು, ಇನ್ನೊಂದು ಹೆಬ್ಬೆರಳುದ್ದ, ಗಟ್ಟಿಯಾಗಿತ್ತು. ತೊಳೆದ ಚಾಕುವಿನಿಂದ ಅದನ್ನು ಬಿಡಿಸಿ, ಕಂದುಬಣ್ಣವೆಲ್ಲ ಹೋಗುವವರೆಗೆ ಬುಡ ಕೆತ್ತಿದೆ. "ಈಗಲೇ ನೆಡೋಣ" ಎಂದು ಅವಳ ಹಟ. ಹಸಿ ಗಾಯವನ್ನು ಮಣ್ಣಿಗಿಟ್ಟರೆ ಮತ್ತೆ ಕೊಳೆ ಹತ್ತುತ್ತದೆ. ಮೊರದಲ್ಲಿಟ್ಟು ನಾಲ್ಕು ದಿನ ನೆರಳಲ್ಲಿ ಒಣಗಿಸಿದೆವು. ದಿನಕ್ಕೆ ಹತ್ತು ಸಲ ಮೊರ ನೋಡಿ ಬರುತ್ತಿದ್ದಳು.

ಆಮೇಲೆ ಎರಡು ಪಾಲು ಕೆಂಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿದೆವು. ಮಣ್ಣಿನ ಕುಂಡದ ತೂತಿನ ಮೇಲೆ ಒಂದು ಹೆಂಚಿನ ಚೂರು. ನೆಟ್ಟಮೇಲೆ ಒಂದು ವಾರ ನೀರಿಲ್ಲ. ಅನಂತರವೂ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ.

ಮುರಿದ ಒಂದು ಎಲೆಯನ್ನೂ ಅವಳು ಗುಟ್ಟಾಗಿ ಮಣ್ಣಿಗೆ ಸಿಕ್ಕಿಸಿದ್ದಳು. ಕಾಡುಬಸಳೆಯ ಎಲೆಯಂಚಿನಲ್ಲಿ ಮರಿ ಏಳುವುದನ್ನು ನೋಡಿದ್ದಳಂತೆ. ಲೋಳೆಸರದ ಎಲೆ ಹಾಗಲ್ಲ, ಕೊಳೆಯುವುದೇ ಹೆಚ್ಚು. ಚಿಗುರುವ ಕಣ್ಣು ಇರುವುದು ಬುಡದ ಕಾಂಡದಲ್ಲಿ. ಅಂದಹಾಗೆ, ಎಲೆ ಮುರಿದಾಗ ಸಿಪ್ಪೆಯಡಿಯಿಂದ ಜಿನುಗುವ ಹಳದಿ ರಸವನ್ನು ಬಾಯಿಗೆ ಹಾಕಬೇಡಿ. ಕಹಿಯಷ್ಟೇ ಅಲ್ಲ, ಹೊಟ್ಟೆ ಕೆಡುತ್ತದೆ.

ಬಾಗಿಲ ಮೇಲಿನದನ್ನೂ ನೆಡಬೇಕೆಂದು ಅವಳ ಆಸೆ. "ನಡುವೆ ಇಳಿಸಬಾರದು, ಅಮಾವಾಸ್ಯೆ ಬರಲಿ" ಎಂದಳು ಅಜ್ಜಿ. ಅಮಾವಾಸ್ಯೆಯ ದಿನ ಹೊಸದನ್ನು ಕಟ್ಟಿ, ಹಳೆಯದನ್ನು ಹಿತ್ತಲಲ್ಲಿ ನೆಟ್ಟೆವು. ಮೂರು ವಾರಕ್ಕೆ ಎಲೆ ತುಂಬಿಕೊಂಡು ಹಸಿರಾಯಿತು. ಅಷ್ಟರಲ್ಲಿ ಮೊಮ್ಮಗಳ ಶಾಲೆ ಶುರುವಾಗಿತ್ತು. ಮರಿಯ ನಡುವೆಯೂ ಒಂದು ಹೊಸ ಎಲೆ ಇಣುಕಿದೆ.

ಭಾನುವಾರ ಫೋನ್ ಮಾಡಿದಾಗಲೆಲ್ಲ ಅವಳ ಮೊದಲ ಮಾತು: "ತಾತ, ನೀರು ಹಾಕಿಲ್ಲ ತಾನೇ?"