ರಿಪೋರ್ಟಿನಲ್ಲಿ ಇನ್ನೊಂದು ಸಾಲು ಬೇಕು

ವಯಸ್ಸು 56. ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.30 ಲಕ್ಷ. ಇಂಥ ರಿಪೋರ್ಟು ಕೈಗೆ ಬಂದರೆ ಯಾರಾದರೂ ನಿರಾಳವಾಗುತ್ತಾರೆ. ಲಿವರಿನ ಕಿಣ್ವಗಳೆರಡೂ ಮಿತಿಯೊಳಗಿವೆ, ಪ್ಲೇಟ್‌ಲೆಟ್ ಮಾತ್ರ ಕೊಂಚ ಕಡಿಮೆ. ಆದರೆ ಇದೇ ಅಂಕಿಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಬರುವ ಉತ್ತರ 2.87. ಅದು 2.67 ದಾಟಿದರೆ, ಲಿವರಿನಲ್ಲಿ ನಾರು ಸಾಕಷ್ಟು ಬೆಳೆದಿದೆಯೇ ಎಂದು ವೈದ್ಯರು ಅನುಮಾನಿಸಬೇಕು.

ಈ ಲೆಕ್ಕದ ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಸಾವಿರದ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಮುಗಿಯಿತು. ಎಚ್‌ಐವಿ ಜೊತೆಗೆ ಹೆಪಟೈಟಿಸ್ ಸಿ ಕೂಡ ಇದ್ದವರಿಗಾಗಿ 2006ರಲ್ಲಿ ರೂಪುಗೊಂಡ ಈ ಸೂತ್ರವನ್ನು ಇಂದು ಫ್ಯಾಟಿ ಲಿವರ್ ಇರುವವರಿಗೂ ಬಳಸುತ್ತಾರೆ.

ಕಿಣ್ವಗಳನ್ನಷ್ಟೇ ನಂಬಿದರೆ ಮೋಸ ಹೋಗುವುದು ಸುಲಭ. ಎಸ್‌ಜಿಪಿಟಿ ಏರುವುದು ಲಿವರಿನ ಕೋಶಗಳು ಒಡೆಯುತ್ತಿರುವಾಗ. ವರ್ಷಗಟ್ಟಲೆ ಕಟ್ಟಿಕೊಂಡ ನಾರಿನ ಕಲೆಯನ್ನು ಅದು ತೋರಿಸುವುದಿಲ್ಲ. ಸಿರೋಸಿಸ್ ಬಲಿತವರಲ್ಲೂ ಅದು ಮಾಮೂಲಾಗಿರಬಹುದು. ಪ್ಲೇಟ್‌ಲೆಟ್ ಇಳಿಕೆ ಮಾತ್ರ ಬೇರೆ ಸುಳಿವು ಕೊಡುತ್ತದೆ. ಗಟ್ಟಿಯಾದ ಲಿವರಿನಲ್ಲಿ ರಕ್ತ ಸಲೀಸಾಗಿ ಹರಿಯದೆ ಹಿಂದೆ ಒತ್ತಡ ಹೆಚ್ಚುತ್ತದೆ, ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್‌ಗಳ ಸರದಿ ಬರುವುದು ಆಮೇಲೆ. ಲಿವರಿನ ಕೆಲಸ ಎಷ್ಟು ಕುಸಿದಿದೆ ಎಂದು ಅವು ಹೇಳುತ್ತವೆ. ಮೊದಲಿಗೆ ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್ ಸೇರಿಸಿ ಕಟ್ಟಿದ ಮೆಲ್ಡ್ ಅಂಕದ ಮೇಲೆ ಅಮೆರಿಕ 2002ರಿಂದ ಲಿವರ್ ಕಸಿಯ ಸರದಿ ನಿರ್ಧರಿಸುತ್ತಿದೆ. ರೋಗ ಆ ಹಂತಕ್ಕೆ ಹೋಗುವ ಮೊದಲೇ ಸುಳಿವು ಸಿಗಬೇಕಲ್ಲವೇ?

ಆದ್ದರಿಂದ ಲಿವರಿನ ಎಲ್‌ಎಫ್‌ಟಿ ಮತ್ತು ರಕ್ತಕಣಗಳ ಸಿಬಿಸಿ ಪರೀಕ್ಷೆಗಳನ್ನು ಒಟ್ಟಿಗೆ ಮಾಡುವ ಪ್ರತಿ ಲ್ಯಾಬೂ ಫಿಬ್-4 ಅನ್ನು ತಾನೇ ಮುದ್ರಿಸಬೇಕು. ಕ್ರಿಯಾಟಿನಿನ್ ಜೊತೆಗೆ ಕಿಡ್ನಿಯ ಇಜಿಎಫ್‌ಆರ್ ಅನ್ನು ಹಲವು ಲ್ಯಾಬುಗಳು ಈಗಾಗಲೇ ಹೀಗೇ ಕೊಡುತ್ತಿವೆ. ಹೊಸ ರಕ್ತ ಬೇಡ, ಹೊಸ ಯಂತ್ರ ಬೇಡ.

ಜನ ಸುಮ್ಮನೆ ಗಾಬರಿಯಾಗುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿದು ಎಸ್‌ಜಿಒಟಿ ಏರುವುದರಿಂದ, ಲಿವರಿನಲ್ಲಿ ಕಲೆಯೇ ಇಲ್ಲದವರ ಅಂಕವೂ ಜಿಗಿಯುತ್ತದೆ. 35 ದಾಟದವರಲ್ಲಿ ಈ ಲೆಕ್ಕ ಅಷ್ಟು ನಂಬಿಕಸ್ಥವಲ್ಲ. ಸಾಮಾನ್ಯವಾಗಿ 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ. 65 ದಾಟಿದವರಿಗೆ ಆ ಗಡಿ 2. ಈ ಎಚ್ಚರಿಕೆಗಳೂ ಅಂಕದ ಕೆಳಗೇ ಅಚ್ಚಾಗಲಿ. ಗಡಿ ಮೀರಿದವರಿಗೆ ಮುಂದಿನ ಹೆಜ್ಜೆ ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್, ಸಿರೋಸಿಸ್ ಎಂಬ ಹಣೆಪಟ್ಟಿಯಲ್ಲ.

ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಸಕ್ಕರೆ ಕಾಯಿಲೆಯವರು, ಬೊಜ್ಜಿನವರು, ಕುಡಿತದ ಅಭ್ಯಾಸವಿರುವವರು ಹೇಗೂ ರಕ್ತ ಪರೀಕ್ಷೆಗೆ ಬರುತ್ತಾರೆ. ತಾಲ್ಲೂಕು ಆಸ್ಪತ್ರೆಗಳ ಲ್ಯಾಬುಗಳಿಂದಲೇ ಫಿಬ್-4 ಮುದ್ರಣ ಶುರುವಾಗಲಿ.